ಬಾಗಿಲ ಹೊರಗಿನ ಜೋಡುಗಳು

೯ ಜುಲೈ ೨೦೦೭, ಸೋಮವಾರ

ಜಾನ್ಸನ್‌ವಿಲ್ ರೈಲು ಏಳು ನಿಮಿಷ ಲೇಟು. ಗಾಳಿಗೆ ಛತ್ರಿ ಉಲ್ಟಾ.

ಆಫೀಸಿಗೆ ಬಂದವನೇ ನಮ್ಮ ಕಂಪ್ಯೂಟರ್ ಗೇಮಿನ ಲೋಕದ ಪಟ್ಟಿ ಮಾಡಿದೆ. ಆರು ರಾಜ್ಯ. ಉತ್ತರದ್ದು ನಾರ್ವೆ, ದಕ್ಷಿಣದ್ದು ಇಟಲಿ, ನಡುವಿನದು ಜರ್ಮನಿ, ದ್ವೀಪ ಐರ್ಲೆಂಡ್. ಉಳಿದೆರಡು ಫ್ರಾನ್ಸನ್ನೇ ಸೀಳಿ ಮಾಡಿದ್ದು. ಚರ್ಚು ಹದಿನಾಲ್ಕು, ಹೆಂಡದಂಗಡಿ ಇಪ್ಪತ್ತೊಂದು, ಭತ್ತದ ಗದ್ದೆ ಸೊನ್ನೆ. ಪೋಸ್ಟರಿನ ಮೇಲೆ ಮಾತ್ರ ‘ಯಾರೂ ಕಾಣದ ಲೋಕ’.

ಲೇಬಲ್ ಕಿತ್ತು ಅಂಟಿಸೋದು ನನಗೇನು ಹೊಸದಲ್ಲ. ದಾವಣಗೆರೆಯಲ್ಲಿ ರಾಜಸ್ಥಾನದ ಕಲ್ಲನ್ನು ಇಟಾಲಿಯನ್ ಮಾರ್ಬಲ್ ಅಂತ ಮಾರಿದವನು. ಈ ದೇಶಕ್ಕೆ ಬಂದು ಇಂಟರ್‌ವ್ಯೂನಲ್ಲಿ ‘ಜರ್ಮನಿಯಲ್ಲಿ ಎರಡು ವರ್ಷ ಹಳೇ ಕಟ್ಟಡಗಳ ಕೆಲಸ ಮಾಡಿದ್ದೆ’ ಅಂದೆ. ನಂಬಿದರು. ಪದ್ಮನಾಭ ಹೋಗಿ ಪ್ಯಾಡಿ ಆದೆ, ಗೇಮಿನ ಚಿತ್ರ ಬಿಡಿಸೋರಿಗೆ ಆರ್ಟ್ ಲೀಡ್ ಆದೆ. ಯುರೋಪ್ ನೋಡಿದ್ದು ಲೈಬ್ರರಿ ಪುಸ್ತಕದಲ್ಲಿ.

ಆದರೂ ಆ ಹದಿನಾಲ್ಕು ಚರ್ಚು ನೋಡಿದರೆ ವಾಕರಿಕೆ.

೧೧ ಜುಲೈ, ಮಧ್ಯಾಹ್ನ

ರಚನಾ ಜರ್ಮನ್ ಹಳ್ಳಿ ಮುಗಿಸಿದಳು. ಮೈಸೂರಿನ ಹುಡುಗಿ, ಪ್ರೊಬೇಷನ್‌ನಲ್ಲಿದ್ದಾಳೆ. ವರ್ಕ್ ಪರ್ಮಿಟ್ ಈ ಕೆಲಸದ ಮೇಲೇ ನಿಂತಿದೆ — ಕೆಲಸ ಹೋದರೆ ದೇಶ ಬಿಡಬೇಕು.

“ಹೇಗಿದೆ ಸರ್?”

ಚೆನ್ನಾಗಿದೆ. ಮೊದಲ ಸಲ ಊರೊಳಗೆ ಜನ ಇದ್ದಾರೆ ಅನ್ನಿಸಿತು. ಯಾಕೋ ಗೊತ್ತಾಗಲಿಲ್ಲ. ಪಾಸ್ ಮಾಡಿದೆ. ಬಾಸ್ ಅಲನ್ ಕೂಡ ನೋಡಿ “ಸ್ವೀಟ್ ಆ್ಯಸ್” ಅಂದ, ಬೊಂಬಾಟ್ ಅನ್ನೋದಕ್ಕೆ ಇಲ್ಲಿಯವರ ಮಾತು.

೩೦ ಜುಲೈ, ಸೋಮವಾರ

ಗೇಮ್ ಮಾರೋ ಜರ್ಮನಿಯ ಪಬ್ಲಿಷರ್‌ನಿಂದ ಮೇಲ್. ರಚನಾಳ ಹಳ್ಳಿಯಲ್ಲಿ ಮನೆ, ಹೆಂಡದಂಗಡಿ, ಚರ್ಚು, ಎಲ್ಲದರ ಬಾಗಿಲ ಹೊರಗೂ ಜೋಡು ಬಿಟ್ಟಿದ್ದಾರಂತೆ. ಊರಿನವರೆಲ್ಲ ಬರಿಗಾಲಲ್ಲಿ ಓಡಿ ಹೋದ ಹಾಗೆ ಕಾಣುತ್ತಂತೆ. ‘ಇದನ್ನು ಮಾಡಿದವರು ಯುರೋಪಿನ ಹಳ್ಳಿ ಕಂಡಿದ್ದಾರೆಯೇ?’

ಸ್ಕ್ರೀನ್ ತೆಗೆದು ಎಣಿಸಿದೆ. ನಲವತ್ತಾರು ಜೊತೆ. ಚರ್ಚಿನ ಮೆಟ್ಟಿಲಲ್ಲೇ ಹನ್ನೊಂದು, ಒಂದು ಎಡಗಾಲಿಂದು ಮಗುಚಿ ಬಿದ್ದಿದೆ. ಅಷ್ಟು ಮುತುವರ್ಜಿ. ಮೂರು ಸಲ ನೋಡಿದ್ದೆ, ಒಂದೂ ಕಣ್ಣಿಗೆ ಬೀಳಲಿಲ್ಲ. ಬಾಗಿಲು ಅಂದಮೇಲೆ ಜೋಡು ಇರೋದೇ. ಈ ದೇಶದವರಿಗೂ ಅದೇ ರೂಢಿ, ಅಲನ್ ಮನೆ ಬಾರ್ಬೆಕ್ಯೂಗೆ ಹೋದರೂ ಎಲ್ಲರೂ ಹೊರಗೇ ಬಿಟ್ಟು ಹೋಗ್ತೀವಿ. ಅವನಿಗೂ ಕಂಡಿಲ್ಲ.

೩೧ ಜುಲೈ

ಅಲನ್ ರೂಮಿಗೆ ಕರೆದ. “ಪ್ಯಾಡಿ, ಮೇಟ್, ತಪ್ಪು ಯಾರದು ಅಂತ ಪಬ್ಲಿಷರ್‌ಗೆ ಒಂದು ಹೆಸರು ಬೇಕು. ನೀನು ಅಲ್ಲಿ ಇದ್ದು ಬಂದವನು. ನಿನ್ನ ಕಣ್ಣಿಗೆ ಹೇಗೆ ತಪ್ಪಿತು?”

ಬಾಯಿ ತಾನೇ ಹೇಳಿತು, “ನಾನು ನೋಡಿದಾಗ ಇರಲಿಲ್ಲ. ಆಮೇಲೆ ಸೇರಿಸಿರಬೇಕು.”

ಒಂದೇ ಉಸಿರು. ಮಾರ್ಬಲ್ ಮಾರುವಾಗಲೂ ಇಷ್ಟು ಸಲೀಸಾಗಿ ಬಂದಿರಲಿಲ್ಲ.

“ಹಾಗಾದ್ರೆ ಆ ಹುಡುಗೀದು,” ಅಂದ. ನಾನು ಇಲ್ಲ ಅನ್ನಲಿಲ್ಲ.

೧ ಆಗಸ್ಟ್, ಊಟ ಆದಮೇಲೆ

ಲೀಲಾಗೆ ಹೇಳಿದೆ. ಹೆಂಡತಿಗಾದರೂ ಹೇಳಬೇಕಲ್ಲ. ಪಾತ್ರೆ ತೊಳೀತಾ ಕೇಳಿಸಿಕೊಂಡಳು.

“ನೀವು ಜರ್ಮನಿಗೆ ಹೋಗಿದ್ದು ಯಾವಾಗ್ರೀ? ನಾನು ಸ್ನಾನಕ್ಕೆ ಹೋದಾಗಲಾ?”

“ತಮಾಷೆ ಬೇಡ.”

“ನಾನೆಲ್ಲಿ ಮಾಡಿದೆ. ನಾಳೆ ಹೋಗಿ ನಾನೇ ಪಾಸ್ ಮಾಡಿದ್ದು ಅನ್ನಿ. ನಮಗೆ ಇಲ್ಲೇ ಉಳಿಯೋ ರೆಸಿಡೆನ್ಸಿ ಇದೆ. ಆ ಮಗೂಗೆ ಏನಿದೆ?”

ಉತ್ತರ ಇತ್ತು. ಮೂರ್ನಾಲ್ಕು ಇದ್ದವು, ಒಂದಕ್ಕಿಂತ ಒಂದು ಹೊಲಸು. ತೊಳೆದ ಪಾತ್ರೆ ಒರೆಸಿಟ್ಟೆ.

೩ ಆಗಸ್ಟ್, ಶುಕ್ರವಾರ

ಹತ್ತಕ್ಕೆ ರಚನಾಳ ಪ್ರೊಬೇಷನ್ ಫಾರ್ಮ್ ಬಂತು. ‘ಮುಂದುವರಿಸುವುದು ಬೇಡ’ — ಅಲನ್ ಟಿಕ್ ಹಾಕಿಯೇ ಕಳಿಸಿದ್ದ. ಹತ್ತೂ ಕಾಲಿಗೆ ಸಹಿ ಹಾಕಿದೆ. ಹದಿನೈದು ನಿಮಿಷ ಯೋಚಿಸಿದೆ ಅಂತ ಹೇಳಿಕೊಳ್ಳಬಹುದು. ಇಲ್ಲ. ಪೆನ್ನು ಹುಡುಕುತ್ತಿದ್ದೆ.

ನಾಲ್ಕಕ್ಕೆ ರಚನಾ ಬಂದಳು. ಅತ್ತಿರಲಿಲ್ಲ. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು, ಅದು ನನಗೆ ಬರುತ್ತೆ.

“ತಪ್ಪು ನಂದೇ ಸರ್. ನೀವು ಅಲ್ಲೇ ಇದ್ದೋರು, ಮೊದಲೇ ಕೇಳ್ಬೇಕಿತ್ತು. ನಿಮಗೂ ಕೆಟ್ಟ ಹೆಸರು ತಂದೆ.”

ಆಮೇಲೆ ನೋಟ್‌ಬುಕ್ ತೆಗೆದಳು. “ಅಲ್ಲಿ ನಿಜವಾಗ್ಲೂ ಹೇಗೆ ಸರ್? ಬೆಂಗಳೂರಲ್ಲಿ ಮುಂದಿನ ಇಂಟರ್‌ವ್ಯೂಗೆ ಬೇಕಾಗತ್ತೆ.”

ಹೇಳಿದೆ. ಹತ್ತು ನಿಮಿಷ. ಬೂಟಿನ ಕೆಸರು ಕೆರೆಯೋ ಕಬ್ಬಿಣದ ಪಟ್ಟಿ, ನೆಲಕ್ಕೆ ಹಾಸೋ ಹುಲ್ಲು, ನಾನಿದ್ದ ಮನೆಯ ಮುದುಕಿ ಬೈಯುತ್ತಿದ್ದ ರೀತಿ. ಮುದುಕಿಗೆ ಒಂದು ಹೆಸರನ್ನೂ ಇಟ್ಟೆ. ಎಲ್ಲ ಬರೆದುಕೊಂಡಳು, ಮುದುಕಿಯ ಹೆಸರಿನ ಕೆಳಗೆ ಗೆರೆ ಎಳೆದಳು. ನನ್ನ ಬಾಯಿ ನನಗೇ ನಾರುತ್ತಿತ್ತು, ನಿಲ್ಲಲಿಲ್ಲ.

ಬಾಗಿಲ ತನಕ ಹೋದವಳು ತಿರುಗಿದಳು.

“ಚರ್ಚಿಗೂ ಹಾಕ್ಕೊಂಡೇ ಹೋಗ್ತಾರಾ ಸರ್? ದೇವರ ಮುಂದೆ?”

ನಾನು “ಹೂಂ, ನಾನೇ ಕಂಡಿದ್ದೀನಲ್ಲ” ಅಂದೆ, ಅದನ್ನೂ ಬರೆದುಕೊಂಡಳು.