ಗೆದ್ದು ಬಂದ ಹುಂಜ

೧೯ ಜನವರಿ ೨೦೨೫, ಭಾನುವಾರ

ಹುಂಜ ಬದುಕಿ ಬಂತು. ಆದರೂ ಮನಸ್ಸಿಗೆ ಸಮಾಧಾನವಿಲ್ಲ.

ಬೆಳಿಗ್ಗೆ ತಮ್ಮ ಗುಣಪಾಲ ಬಂದು, "ಹುಂಜವನ್ನು ಕೊಡು ಅಕ್ಕಾ, ಹೇಂಟೆಗಳ ಜೊತೆ ಬಿಡ್ಲಿಕ್ಕೆ, ಸಂಜೆ ತಂದು ಕೊಡ್ತೇನೆ" ಎಂದ. ಕೋಳಿ ಅಂಕಕ್ಕೆ, ಹುಂಜಗಳನ್ನು ಕಾದಾಡಿಸಲಿಕ್ಕೆ ಎಂದು ನನಗೆ ಗೊತ್ತಿತ್ತು. ಗೊತ್ತಿಲ್ಲದವಳ ಹಾಗೆ ನಾನೇ ಹಿಡಿದು ಕೊಟ್ಟೆ. ತಾಯಿಕೋಳಿಯನ್ನು ಕೀರಿ ಕೊಂದ ಮೇಲೆ ಮರಿಗಳನ್ನು ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ಬಲ್ಬಿನ ಬಿಸಿ ಕೊಟ್ಟು ಸಾಕಿದವಳು ನಾನು. ಅವುಗಳಲ್ಲಿ ಒಂದಾದ ಈ ಬೂದು ಬಣ್ಣದ ಊರ ಕೋಳಿಯ ಮರಿಗೆ ಕೆಂಪು ಕತ್ತು, ಹಸಿರಾಗಿ ಮಿಂಚುವ ಬಾಲ ಬಂದದ್ದನ್ನು ನೋಡಿ ಹಿಗ್ಗಿದವಳೂ ನಾನೇ.

ಸಂಜೆ ಅವನು ಅದನ್ನು ಅಂಗಳದಲ್ಲಿ ಇಳಿಸಿದ. ರೆಕ್ಕೆಯಲ್ಲಿ ರಕ್ತ ಒಣಗಿತ್ತು. ಅವನ ಇನ್ನೊಂದು ಕೈಯಲ್ಲಿ ಸತ್ತ ಬಿಳಿ ಹುಂಜವೊಂದು ತಲೆಕೆಳಗಾಗಿ ನೇತಾಡುತ್ತಿತ್ತು.

"ನಮ್ಮದು ಗೆದ್ದಿತು. ಸೋತದ್ದು ಗೆದ್ದವರಿಗೆ ಅಲ್ವಾ? ರಾತ್ರಿ ಊಟಕ್ಕೆ ಸುಕ್ಕ ಮಾಡು."

"ಯಾರ ಮನೆಯದ್ದು?"

"ಕುಂಜತ್ತೂರಿನ ಒಬ್ಬರದ್ದು. ಅದೆಲ್ಲ ನಿನಗೆ ಎಂತಕ್ಕೆ?"

ಸದ್ಯ, ನನ್ನದಲ್ಲ ಎಂದೇ ಮೊದಲು ಅನಿಸಿದ್ದು. ಎಷ್ಟು ಸುಲಭವಾಗಿ ಅನಿಸಿತು.

ಶುಚಿ ಮಾಡಲು ಕೂತಾಗ ಅದರ ಕಾಲು ಕಂಡಿತು. ಯಾವುದೋ ಹಳೆಯ ಗಾಯಕ್ಕೆ ಯಾರೋ ಅರಸಿನ ಅರೆದು ಹಚ್ಚಿದ್ದರು. ನನ್ನ ಹಾಗೆಯೇ ಮಡಿಲಲ್ಲಿ ಕೂರಿಸಿಕೊಂಡು ಹಚ್ಚಿರಬೇಕು. ಈಗ ಆ ಮನೆಯಲ್ಲೂ ಯಾರೋ ಖಾಲಿ ಗೂಡಿನ ಬಾಗಿಲು ಹಾಕಿರುತ್ತಾರೆ. ಬೆಳಿಗ್ಗೆ ನಾನು ಬೇಡ ಎಂದಿದ್ದರೆ ಎರಡೂ ಇರುತ್ತಿದ್ದವು.

ನನ್ನ ಹುಂಜ ಅಕ್ಕಿ ತಿನ್ನಲು ನನ್ನ ಕೈಯ ಹತ್ತಿರ ಬರಲಿಲ್ಲ.

ಸುಕ್ಕ ಮಾಡಿದೆ. ಊಟ ಮಾಡಬಾರದು ಎಂದುಕೊಂಡಿದ್ದೆ. ಉಪ್ಪು ನೋಡಲು ಒಂದು ತುಂಡು ಬಾಯಿಗೆ ಹಾಕಿಕೊಂಡೆ. ರುಚಿಯಾಗಿತ್ತು. ಇನ್ನೊಂದು ತುಂಡು ತೆಗೆದುಕೊಂಡೆ.