ಕೈ ಕಟ್ಟಿಕೊಂಡು ನಿಲ್ಲುವ ಯೋಜನೆ

ಮಾರ್ಚ್ 3, ಸೋಮವಾರ

ಬೆಳಿಗ್ಗೆ ಎರಡು ಹರ್ನಿಯಾ, ಒಂದು ಪಿತ್ತಕೋಶ. ಎಲ್ಲ ಸುಸೂತ್ರ. ಮಧ್ಯಾಹ್ನ ಡೈರೆಕ್ಟರ್ ಮೇಡಂ ಕರೆಸಿದರು. ವರ್ಷಕ್ಕೊಮ್ಮೆಯ ಶಾಸ್ತ್ರ — ಸರ್ಜನ್ ಆದ ನಾನು ಮುಂದಿನ ವರ್ಷ ಏನೇನು ಕಲಿಯಬೇಕು ಎಂಬ ಯೋಜನೆ. ಇಷ್ಟು ವರ್ಷ ಹೊಟ್ಟೆ ಕೊಯ್ದವನಿಗೆ! ಆದರೂ ಬರೆದುಕೊಂಡು ಹೋಗಿದ್ದೆ: ರೋಬಾಟ್ ಸರ್ಜರಿಯ ತರಬೇತಿ, ಸಮುದ್ರದ ಬದಿಯ ಹೋಟೆಲಿನಲ್ಲಿ ಕಾನ್ಫರೆನ್ಸ್, ಬೆಟ್ಟದ ಮೇಲಿನ ಹೋಟೆಲಿನಲ್ಲಿ ಇನ್ನೊಂದು ಕಾನ್ಫರೆನ್ಸ್.

"ಡಾಕ್ಟ್ರೇ, ಇದು ಪ್ಲಾನ್ ಅಲ್ಲ, ಟೂರು," ಎಂದರು.

ಆಮೇಲೆ ನನ್ನ ಜೊತೆ ಕೆಲಸ ಮಾಡುವವರು ಹೆಸರು ಹಾಕದೆ ಬರೆದುಕೊಟ್ಟ ಅಭಿಪ್ರಾಯ ಓದಿದರು. ಕೈಚಳಕ — ಉತ್ತಮ. ಸಮಯಪಾಲನೆ — ಉತ್ತಮ. ಕಲಿಸುವುದು — "ಜೂನಿಯರ್ ಕೈಗೆ ಕತ್ತರಿ ಕೊಡ್ತಾರೆ. ಅವಳು ಸರಿಯಾಗಿ ಹಿಡ್ಕೊಳ್ಳೋದ್ರೊಳಗೆ ಕಿತ್ಕೋತಾರೆ."

ಶುದ್ಧ ಸುಳ್ಳು. ಮೈಯೆಲ್ಲ ಉರಿದುಹೋಯಿತು.

ಮನೆಗೆ ಬಂದರೆ ಹೆಂಡತಿ ಈರುಳ್ಳಿ ಹೆಚ್ಚುತ್ತಿದ್ದಳು. ಹಾಗಲ್ಲ, ಕೊಡು ಇಲ್ಲಿ ಎಂದು ಚಾಕು ತೆಗೆದುಕೊಂಡು, ಹೆಚ್ಚಿ ತೋರಿಸುತ್ತಲೇ ಇಡೀ ಕಥೆ ಹೇಳಿದೆ. "ಯಾರು ಬರೆದಿರಬಹುದು?" ಎಂದೆ. ಅವಳು ತನ್ನ ಖಾಲಿ ಕೈ ನೋಡಿಕೊಂಡು ನಿಂತಿದ್ದಳು.

ಮಾರ್ಚ್ 4

ಜೂನಿಯರ್ ಬಂದಳು. ಮೂರು ವರ್ಷದಿಂದ ನನ್ನ ಕೈಕೆಳಗೆ ಇದ್ದಾಳೆ. ನಮ್ಮಲ್ಲೇ ಒಂದು ಸರ್ಜನ್ ಹುದ್ದೆ ಖಾಲಿ ಇದೆ. ಈಕೆ ಒಬ್ಬಳೇ ಆಪರೇಷನ್ ಮಾಡಬಲ್ಲಳು ಎಂದು ತಿಂಗಳ ಕೊನೆಯೊಳಗೆ ನಾನು ಸಹಿ ಹಾಕಿದರೆ ಅವಳಿಗೆ. ಇಲ್ಲದಿದ್ದರೆ ಹೊರಗಿನವರಿಗೆ.

"ನೀನು ಮಾಡೋದನ್ನ ಪೂರ್ತಿ ನೋಡ್ದೆ ಹೇಗಮ್ಮಾ ಸಹಿ ಹಾಕ್ಲಿ?"

"ಮಾಡಕ್ಕೆ ಬಿಟ್ರೆ ತಾನೇ ಸರ್ ನೋಡೋದು?"

ಅಧಿಕಪ್ರಸಂಗಿ. ಆದರೆ ಮಾತು ನಿಜ. ಯೋಜನೆಯನ್ನು ಹೊಸದಾಗಿ ಬರೆದೆ. ಒಂದೇ ಸಾಲು — ಕೈ ಕಟ್ಟಿಕೊಂಡು ನಿಲ್ಲುವುದು. ಮೇಡಂ ಒಪ್ಪಿದರು. ಅಷ್ಟು ಬೇಗ ಒಪ್ಪಬಾರದಿತ್ತು.

ಮಾರ್ಚ್ 6

ಹರ್ನಿಯಾ. ಕತ್ತರಿ ಅವಳ ಕೈಗೆ ಕೊಟ್ಟೆ. ಚೆನ್ನಾಗಿಯೇ ಶುರು ಮಾಡಿದಳು. ನಡುವೆ ನಿಲ್ಲಿಸಿಬಿಟ್ಟಳು. ಕೈ ಅಲ್ಲಾಡುತ್ತಿಲ್ಲ, ಮಾತೂ ಇಲ್ಲ. ಪಾಪ, ತೋಚುತ್ತಿಲ್ಲ ಎಂದುಕೊಂಡೆ. ಮರುಕ್ಷಣ ನೋಡಿದರೆ ಕತ್ತರಿ ನನ್ನ ಕೈಯಲ್ಲಿ! ಹೇಗೆ ಬಂತೋ, ದೇವರಾಣೆ ಗೊತ್ತಿಲ್ಲ.

ನಿದ್ದೆ ಡಾಕ್ಟರು — ಅರಿವಳಿಕೆ ಕೊಡುವ ಮಹಾನುಭಾವರು — ಗಡಿಯಾರ ನೋಡಿದರು. "ಪರವಾಗಿಲ್ಲ, ಹೋದ ಸಲಕ್ಕಿಂತ ಜಾಸ್ತಿ ಹೊತ್ತು ತಡ್ಕೊಂಡ್ರಿ."

ಅಭಿಪ್ರಾಯ ಬರೆದದ್ದು ಇವರೇ. ಅನುಮಾನವೇ ಇಲ್ಲ.

ಮಾರ್ಚ್ 7

ಹೊಸ ಉಪಾಯ. ಗಾಯವನ್ನು ಅಗಲಿಸಿ ಹಿಡಿಯುವ ಕೊಕ್ಕೆಗಳನ್ನು ಎರಡೂ ಕೈಯಲ್ಲಿ ನಾನೇ ಹಿಡಿದೆ. ಕೈ ಖಾಲಿ ಇದ್ದರೆ ತಾನೇ ತೊಂದರೆ?... ಅವಳು ಮತ್ತೆ ನಿಲ್ಲಿಸಿದಳು. ನಾನು ಕೊಕ್ಕೆ ಬಿಟ್ಟು ಕತ್ತರಿಗೆ ಕೈ ಹಾಕಿದೆ. ಗಾಯ ಮುಚ್ಚಿಕೊಂಡಿತು. ಎಲ್ಲರೂ ನನ್ನನ್ನೇ ನೋಡಿದರು. ಎಲ್ಲರೂ ಬರೆದಿರಬೇಕು.

ಮಾರ್ಚ್ 9, ಭಾನುವಾರ, ಬೆಳಿಗ್ಗೆ

ಬೀರು ಮೇಲಿನ ಕೋಣೆಗೆ ಸಾಗಿಸಲು ಹೆಂಡತಿ ಆಳುಗಳನ್ನು ಕರೆಸಿದ್ದಳು. ಗಟ್ಟಿಮುಟ್ಟಾದ ಮೂವರು. ಮೆಟ್ಟಿಲ ತಿರುವಿನಲ್ಲಿ ನಿಂತು ಯೋಚಿಸುತ್ತಿದ್ದರು. "ಹಾಗಲ್ರಪ್ಪಾ, ಬಿಡಿ, ನಾನು ತೋರಿಸ್ತೀನಿ," ಎಂದು ಹೆಗಲು ಕೊಟ್ಟೆ.

ಚುಳ್ ಎಂದಿತು. ತೊಡೆಸಂದಿನಲ್ಲಿ ಗಂಟು. ಹರ್ನಿಯಾ. ಯಾರಿಗೂ ಹೇಳಲಿಲ್ಲ.

ಮಧ್ಯಾಹ್ನ

ಒತ್ತಿದರೂ ಒಳಗೆ ಹೋಗುತ್ತಿಲ್ಲ. ಕರುಳು ಸಿಕ್ಕಿಕೊಂಡಿದೆ. ನೋವು ಜೋರು. ಹೆಂಡತಿಗೆ ಹೇಳಿದೆ, ಬೈಸಿಕೊಂಡೆ. ಇವತ್ತೇ ಆಪರೇಷನ್ ಆಗಬೇಕು. ಇನ್ನೊಬ್ಬ ಸರ್ಜನ್ ಸಮುದ್ರದ ಬದಿಯ ಆ ಹಾಳು ಕಾನ್ಫರೆನ್ಸಿಗೆ ಹೋಗಿದ್ದಾನೆ. ಇರುವವಳು ಜೂನಿಯರ್ ಒಬ್ಬಳೇ. ಹೆದರಿಕೆಯಾಗುತ್ತಿದೆ.

ಮಾರ್ಚ್ 11, ವಾರ್ಡು

ಇದ್ದೇನೆ. ಬರೆದಿಡಬೇಕು.

ಸೊಂಟದ ಕೆಳಗೆ ಮಾತ್ರ ಮರಗಟ್ಟಿಸಿದ್ದರು. ಎದೆಯ ಮೇಲೆ ಹಸಿರು ಪರದೆ. ಕೈಗಳನ್ನು ಪಕ್ಕದ ಹಲಗೆಗಳಿಗೆ ಪಟ್ಟಿ ಹಾಕಿ ಕಟ್ಟಿದ್ದರು. ನನ್ನದು ಎನ್ನಲು ಉಳಿದದ್ದು ಬಾಯಿ.

"ಸ್ವಲ್ಪ ಮೇಲೆ ಕೊಯ್ಯಮ್ಮಾ," ಎಂದೆ.

"ಸರ್, ನೀವೀಗ ಪೇಶಂಟು," ಎಂದಳು ಪರದೆಯ ಆಚೆಯಿಂದ.

"ಪೇಶಂಟಿಗೂ ಒಂದು ಅಭಿಪ್ರಾಯ ಇರುತ್ತೆ."

ನಿದ್ದೆ ಡಾಕ್ಟರು ಕಿವಿಯ ಹತ್ತಿರ ಬಗ್ಗಿದರು. "ಇನ್ನೊಂದ್ ಮಾತಾಡಿದ್ರೆ ಪೂರ್ತಿ ಮಲಗಿಸ್ಬಿಡ್ತೀನಿ."

ಸುಮ್ಮನಾದೆ. ಸ್ವಲ್ಪ ಹೊತ್ತಿನ ಮೇಲೆ ಅವಳು ನಿಲ್ಲಿಸಿಬಿಟ್ಟಳು. ಅದೇ ಮೌನ. ಕರುಳು ಕಪ್ಪಾಗಿರಬೇಕು, ಕತ್ತರಿಸಿ ಜೋಡಿಸಬೇಕು, ಇವಳು ಕೈಚೆಲ್ಲಿ ನಿಂತಿದ್ದಾಳೆ ಎಂದು ಜೀವ ಬಾಯಿಗೆ ಬಂತು. ಕೈ ಎಳೆದೆ. ಪಟ್ಟಿ ಬಿಡಲಿಲ್ಲ.

"ಯಾಕಮ್ಮಾ ನಿಲ್ಲಿಸ್ದೆ? ಗೊತ್ತಾಗ್ತಿಲ್ವಾ?"

"ಗೊತ್ತಾಗ್ತಿದೆ ಸರ್. ನೋಡ್ತಿದೀನಿ. ಕರುಳು ಕಪ್ಪಾಗಿತ್ತು, ಬಿಸಿ ಬಟ್ಟೆ ಸುತ್ತಿದೀನಿ. ಬಣ್ಣ ವಾಪಸ್ ಬರುತ್ತೇನೋ ನೋಡೋಣ."

ಕಾದೆವು. ನಾನಾಗಿದ್ದರೆ ಅಷ್ಟು ಹೊತ್ತು ಕಾಯುತ್ತಿರಲಿಲ್ಲ, ಕತ್ತರಿಸಿಬಿಡುತ್ತಿದ್ದೆ.

"ಬಂತು ಸರ್. ಗುಲಾಬಿ ಬಣ್ಣ." ಕತ್ತರಿಸದೆಯೇ ಒಳಗೆ ಕಳಿಸಿದಳು.

ಮೂರು ವರ್ಷ... ಅವಳು ನಿಂತಾಗಲೆಲ್ಲ ತೋಚದೆ ನಿಂತಳು ಎಂದುಕೊಂಡು ಕತ್ತರಿ ಕಿತ್ತುಕೊಂಡಿದ್ದೇನೆ. ಅವಳು ನೋಡುತ್ತಿದ್ದಳು, ಅಷ್ಟೇ. ತುಂಬಾ ನಾಚಿಕೆಯಾಯಿತು. ಕಣ್ಣಲ್ಲಿ ನೀರು ಬಂತು. ನಿದ್ದೆ ಡಾಕ್ಟರು ನೋವಿಗೆ ಅಳುತ್ತಿದ್ದೇನೆ ಎಂದುಕೊಂಡು ಏನೋ ಚುಚ್ಚಿದರು. ಮುಂದಿನದು ನೆನಪಿಲ್ಲ.

ಮಾರ್ಚ್ 27

ಸಹಿ ಹಾಕಿ ಕಳಿಸಿದೆ. ಮೇಡಂ ಫೋನ್ ಮಾಡಿದರು. "ಯಾವ ಆಪರೇಷನ್ ಪೂರ್ತಿ ನೋಡಿದ್ರಿ ಡಾಕ್ಟ್ರೇ?"

"ನೋಡ್ಲಿಲ್ಲ ಮೇಡಂ. ಮಾಡಿಸ್ಕೊಂಡೆ."

ಏಪ್ರಿಲ್ 7, ಸೋಮವಾರ, ಬೆಳಿಗ್ಗೆ 11

ಆಪರೇಷನ್ ಥಿಯೇಟರಿನ ಪಕ್ಕದ ಟೀ ಕೋಣೆ. ನಾನಿನ್ನೂ ಆಪರೇಷನ್ ಮಾಡುವ ಹಾಗಿಲ್ಲ. ಒಳಗೆ ಅವಳು, ಸರ್ಜನ್ ಆದ ಮೇಲಿನ ಮೊದಲ ಕೇಸು. ಕರುಳು ಸಿಕ್ಕಿಕೊಂಡ ಒಬ್ಬ ಅಜ್ಜಿ. ಕಷ್ಟದ್ದೇ. ಅಜ್ಜಿಯ ಹೃದಯವೂ ದುರ್ಬಲ.

ಎದ್ದು ಹೋಗಿ ಬಾಗಿಲ ಗಾಜಿನಲ್ಲಿ ಇಣುಕಿದೆ. ನಿಂತಿದ್ದಾಳೆ. ಕೈ ಅಲ್ಲಾಡುತ್ತಿಲ್ಲ. ಸಿಸ್ಟರ್ ಹೊರಗೆ ಬಂದರು.

"ಕರೀತಿದಾಳಾ?" ಎಂದೆ.

"ಇಲ್ಲ ಸರ್. ಗಾಜಿನ ಹತ್ರ ನಿಲ್ಬೇಡಿ ಅಂತ ಹೇಳಿ ಕಳಿಸಿದ್ರು."

ಬಂದು ಕುಳಿತಿದ್ದೇನೆ. ಕೈಗೆ ಕೆಲಸವಿರಲಿ ಎಂದು ಬರೆಯುತ್ತಿದ್ದೇನೆ. ಬರೆಯಲು ಏನೂ ಇಲ್ಲ. ಟೀ ಆರಿದೆ. ಒಳಗೆ ಸದ್ದಿಲ್ಲ. ಹೋಗುವುದಿಲ್ಲ. ಹೋಗಬಾರದು. ಹೋಗುವುದಿಲ್ಲ. ಚಪ್ಪಲಿ ಸದ್ದು... ಅವಳೇ. ಬಾಗಿಲಲ್ಲಿ ನಿಂತಿದ್ದಾಳೆ. ಕೇಳುವುದಿಲ್ಲ, ಅವಳೇ ಹೇಳಲಿ. ಮಾಸ್ಕ್ ಬಿಚ್ಚುತ್ತಿದ್ದಾಳೆ. ಕೆಳಗೆ ಎಳೆದಳು. ಹಲ್ಲು ಕಾಣುತ್ತಿವೆ, ನಗು—