ಏಳು ಜನರ ದೋಣಿ

ಫೆಬ್ರವರಿ ೯, ಭಾನುವಾರ

ಪ್ರೀತಿಯ ಗಣಿತದವಳೇ,

ಕ್ಷೇಮವಷ್ಟೇ? ನಿನ್ನ ಎರಡು ಕಾಗದಗಳಿಗೂ ಉತ್ತರ ಬರೆಯದೆ ಕೂತಿದ್ದೇನೆ. ಬೈದುಕೋ, ಬೇಡ ಅನ್ನುವುದಿಲ್ಲ. ಪರೀಕ್ಷೆ, ಪೇಪರು ಅಂತ ನೆಪ ಹೇಳಬಹುದು. ನಿಜ ಹೇಳಬೇಕೆಂದರೆ, ಪೆನ್ನು ಹಿಡಿದರೂ ಕೈ ಓಡುತ್ತಿರಲಿಲ್ಲ. ನೀನು ಶಾಲೆ ಬಿಟ್ಟ ಮೇಲೆ ಸ್ಟಾಫ್ ರೂಮಿನಲ್ಲಿ ನಗುವವರೇ ಇಲ್ಲ. ವಿಜ್ಞಾನದ ಮೇಷ್ಟ್ರು ಮಾತ್ರ ಈಗಲೂ ಕಂಡವರ ಡಬ್ಬಿಗೆ ಕೈ ಹಾಕುತ್ತಾರೆ.

ಒಂಬತ್ತನೇ ತರಗತಿಗೆ ಒಂದು ಆಟ ಆಡಿಸಿದೆ. ಹಡಗು ಮುಳುಗಿದೆ, ಎಂಟು ಜನ ಉಳಿದಿದ್ದಾರೆ, ದೋಣಿಯಲ್ಲಿ ಏಳೇ ಜನಕ್ಕೆ ಜಾಗ. ಯಾರನ್ನು ಬಿಡಬೇಕೆಂದು ಮಕ್ಕಳೇ ಚರ್ಚಿಸಿ ತೀರ್ಮಾನಿಸಬೇಕು. ಎಂಟೆಂಟು ಮಕ್ಕಳ ನಾಲ್ಕು ಗುಂಪು ಮಾಡಿ ಚೀಟಿ ಹಂಚಿದೆ. ಡಾಕ್ಟರು, ಬಡಗಿ, ಅಡುಗೆಯವನು, ಮುದುಕ, ಹಾಡುಗಾರ, ಹೀಗೆ. ನ್ಯಾಯ ಯಾವುದು, ಅನ್ಯಾಯ ಯಾವುದು ಅಂತ ಮಾತಾಡಲಿ ಎಂಬುದು ನನ್ನ ಆಸೆ.

ಎರಡನೇ ಬೆಂಚಿನ ಗುಬ್ಬಿ ನೆನಪಿದ್ದಾಳಾ? ಹಾಜರಿ ಕೂಗಿದರೆ ತುಟಿಯಷ್ಟೇ ಆಡಿಸುವ ಹುಡುಗಿ. ಡಾಕ್ಟರ ಚೀಟಿ ಅವಳಿಗೆ ಬಂತು. ಬೇರೆ ಗುಂಪುಗಳು ಅರ್ಧ ಗಂಟೆ ಕಿತ್ತಾಡಿದವು. ಇವರದ್ದು ಐದೇ ನಿಮಿಷಕ್ಕೆ ಮುಗಿಯಿತು. ಬಿಟ್ಟದ್ದು ಡಾಕ್ಟರನ್ನು!

"ಅಲ್ರೋ, ಯಾರಿಗಾದ್ರೂ ಗಾಯ ಆದ್ರೆ?" ಎಂದು ಕೇಳಿದೆ.

ಗುಂಪಿನ ನಾಯಕಿ ತಡವರಿಸಲೇ ಇಲ್ಲ. "ಬೇರೆ ಯಾರನ್ನ ಬಿಟ್ರೂ ಜಗಳ ಆಗುತ್ತೆ ಮೇಡಂ. ಇವಳು ಏನೂ ಅನ್ಕೊಳ್ಳಲ್ಲ."

ಗುಬ್ಬಿಯ ಕಡೆ ತಿರುಗಿದೆ. "ನೀನೇನಮ್ಮ ಹೇಳ್ದೆ?"

"ನಾನೂ ಕೈ ಎತ್ತಿದೆ ಮೇಡಂ. ಎಲ್ಲರೂ ಎತ್ತಿದ್ರಲ್ಲ."

ಮಾರನೇ ದಿನ ಆ ಗುಂಪನ್ನು ಕರೆದು ಬುದ್ಧಿ ಹೇಳಿದೆ. ಏಳು ಜನರೂ ಸಾಲಾಗಿ 'ಸಾರಿ' ಅಂದು ಊಟಕ್ಕೆ ಓಡಿದರು. ಗುಬ್ಬಿ ಕೊನೇ ಬೆಂಚಿಗೆ ಹೋಗಿ ಕೂತಳು. ಮುಂದೆ ಬಾ ಅಂದರೆ, "ಅಲ್ಲಿ ಜಾಗ ಸಾಲಲ್ಲ ಮೇಡಂ" ಅನ್ನುತ್ತಾಳೆ. ಅವಳ ಹಳೇ ಬೆಂಚು ಅರ್ಧ ಖಾಲಿ ಇದೆ ಕಣೇ.

ಮೊನ್ನೆ ಅವಳ ತಾಯಿ ಬಂದಿದ್ದರು. ಹೊಲಿಗೆ ಕೆಲಸದವರು, ಅವಸರದಲ್ಲಿ ಬಂದಿರಬೇಕು, ಅಳತೆ ಟೇಪು ಕುತ್ತಿಗೆಯಲ್ಲೇ ನೇತಾಡುತ್ತಿತ್ತು. "ಏನು ಬಡಿಸಿದ್ರೂ ತಮ್ಮಂಗೆ ಹಾಕು, ನಂಗೆ ಬೇಡ ಅಂತಾಳೆ. ಶಾಲೇಲಿ ಏನು ಪಾಠ ಮಾಡಿದ್ರಿ ಮೇಡಂ?" ಜಗಳಕ್ಕೆ ಬಂದವರಲ್ಲ, ತಿಳಿದುಕೊಳ್ಳಲೆಂದೇ ಕೇಳಿದರು.

ಇನ್ನೊಮ್ಮೆ ಆಟ ಆಡಿಸಿ ಅವಳನ್ನು ಉಳಿಸಿ ಅನ್ನಲೇ? ನಾನು ಹೇಳಿದ್ದಕ್ಕೆ ಉಳಿಸಿದರು ಅಂತ ಅವಳಿಗೆ ಗೊತ್ತಾಗದೆ ಇರುತ್ತದೆಯೇ? ನನಗಂತೂ ಏನೂ ತೋಚುತ್ತಿಲ್ಲ.

ನಿನಗೆ ಬೇರೆ ಕಡೆ ಕೆಲಸ ಸಿಕ್ಕಿತೇ? ಅಮ್ಮನಿಗೆ ನಮಸ್ಕಾರ ತಿಳಿಸು. ಮಗಳಿಗೆ ನನ್ನ ಆಶೀರ್ವಾದ, ಕೆನ್ನೆಗೊಂದು ಮುತ್ತು. ನೀವೆಲ್ಲ ತಣ್ಣಗಿರಿ.

ನಿನ್ನ,
ಸಮಾಜ ಪಾಠದವಳು

ತಾ.ಕ.: ಒಂದು ಹುದ್ದೆ ಕಡಿಮೆ ಮಾಡಬೇಕೆಂದು ಹೆಡ್‌ಮೇಡಂ ಸಭೆ ಕರೆದ ದಿನ ನೀನು ರಜೆಯಲ್ಲಿದ್ದೆ. ನಿನ್ನ ಹೆಸರು ಬಂದಾಗ ನಾನೂ ಕೈ ಎತ್ತಿದೆ. ನೀನು ಗಲಾಟೆ ಮಾಡುವವಳಲ್ಲ ಅಂತ ನಮಗೆಲ್ಲ ಗೊತ್ತಿತ್ತು. ಮರುದಿನ ನಿನ್ನೆದುರು "ನಾನು ಒಪ್ಪಲಿಲ್ಲ ಕಣೇ" ಅಂದದ್ದು ಸುಳ್ಳು. ಆಗ ನೀನು ನನ್ನ ಎರಡೂ ಕೈ ಹಿಡಿದುಕೊಂಡು, "ನೀನೊಬ್ಬಳಾದ್ರೂ ನನ್ನ ಪರ ಇದ್ಯಲ್ಲ" ಅಂದೆ.